ಬೆಕ್ಕು ರಸ್ತೆ ದಾಟಲಿಲ್ಲ

ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಮಿಸ್ ಮಕ್ಕಳ ನಡುವೆ ಓಡಾಡುತ್ತಿದ್ದಳು. ಬಿಟ್ಟರೆ ಕೈ ತಾನಾಗಿ ಮಕ್ಕಳ ಕಂಪ್ಯೂಟರ್ ಮೌಸಿಗೆ ಹೋಗುತ್ತದಂತೆ. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಬೇಸಿಗೆ ಶಿಬಿರ. ಕಂಪ್ಯೂಟರಿನಲ್ಲಿ ಆಟ ಕಟ್ಟುತ್ತಾ ಮಕ್ಕಳು ಕೋಡಿಂಗ್ ಕಲಿಯಬೇಕು. ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಮುಗಿಯುವ ತನಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುವುದು ನನ್ನ ಪಾಲಿನ ಕೆಲಸ. ಹಾಗಾಗಿ ಆ ಮಿಸ್ಸನ್ನು ನಾನು ಚೆನ್ನಾಗಿ ಬಲ್ಲೆ.

ಧಾರವಾಡದ ಕಡೆಯ ಹುಡುಗಿ. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ವಾಸ. ನಾನು ಕೊಟ್ಟ ಚಿತ್ರಾನ್ನ ತಿನ್ನುತ್ತಲೇ ಖಾರ ಸಾಲದೆಂದು ಮುಖಕ್ಕೆ ಹೊಡೆದಂತೆ ಹೇಳುವವಳು. ಮೊಮ್ಮಗಳು ರಸ್ತೆ ದಾಟುವ ಬೆಕ್ಕಿನ ಆಟ ಮಾಡುತ್ತಿದ್ದಳು. ಹಾಳು ಬೆಕ್ಕು ನಡುರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಮಗುವಿನ ಅಳುಮುಖ ನೋಡಲಾರದೆ, ಒಂಚೂರು ಸರಿಮಾಡಿಕೊಟ್ಟರೆ ನಿನ್ನ ಗಂಟೇನು ಹೋಗುತ್ತದಮ್ಮಾ ಎಂದು ಒಮ್ಮೆ ರೇಗಿದೆ.

“ನಾ ತಿದ್ದಿದ್ರ ಅದು ನನ್ನ ಆಟ ಆಗ್ತದ್ರಿ ಅಜ್ಜಿ. ಅಕಿದು ಅಕಿದೇ ಇರ್ಲಿ,” ಎಂದಳು.

ಕೊನೆಯ ದಿನ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ. ಸೆಂಟರಿನ ಯಜಮಾನ ಅದಕ್ಕೆಂದೇ ಥಳಥಳಿಸುವ ಸಿದ್ಧ ಆಟಗಳನ್ನು ಇಟ್ಟುಕೊಂಡಿದ್ದ. ಮಕ್ಕಳ ಹೆಸರು ಹಾಕಿದರಾಯಿತು. ಹಾಗೆ ಮಾಡದಿದ್ದರೆ ನಾಳೆಯಿಂದ ಬರಬೇಡ ಎಂದು ಅವನು ಅಂದದ್ದನ್ನೂ, ಅದು ತನ್ನಿಂದಾಗದು ಎಂದು ಮಿಸ್ ಹೇಳಿದ್ದನ್ನೂ ನಾನೇ ಕಿವಿಯಾರೆ ಕೇಳಿದ್ದೆ.

ಮೊಮ್ಮಗಳ ಸರದಿ ಬಂತು. ದೊಡ್ಡ ಪರದೆಯ ಮೇಲೆ ಬೆಕ್ಕು ಎಂದಿನಂತೆ ನಡುರಸ್ತೆಯಲ್ಲಿ ನಿಂತಿತು. ಯಾರೋ ನಕ್ಕರು. ನನ್ನ ಸೊಸೆ ತಲೆ ತಗ್ಗಿಸಿದಳು.

“ಒಂದ್ ನಿಮಿಷ ತಡೀರಿ ಸರ್, ತಪ್ಪು ಎಲ್ಲೈತಂತ ಅಕಿನೇ ಹುಡುಕ್ತಾಳ,” ಎಂದು ಮಿಸ್ ಬೇಡಿಕೊಂಡಳು. ಯಜಮಾನ ಅವಳನ್ನು ಪಕ್ಕಕ್ಕೆ ಸರಿಸಿ, ಬೆಕ್ಕಿನ ಆಟವನ್ನು ಅಳಿಸಿ, ತನ್ನದೊಂದನ್ನು ಹಾಕಿದ. ಬಣ್ಣ, ಸಂಗೀತ, ಮೇಲೆ ನನ್ನ ಮೊಮ್ಮಗಳ ಹೆಸರು. ಚಪ್ಪಾಳೆಯೋ ಚಪ್ಪಾಳೆ.

“ಇದು ನಂದಲ್ಲ,” ಎಂದಳು ಮೊಮ್ಮಗಳು.

“ಸುಮ್ನಿರು, ಎಲ್ರೂ ನೋಡ್ತಿದಾರೆ,” ಎಂದಳು ಸೊಸೆ, ಫೋನಿನಲ್ಲಿ ವಿಡಿಯೋ ಹಿಡಿಯುತ್ತಲೇ.

ಅವತ್ತು ಸಂಜೆಯೇ ಮಿಸ್ಸನ್ನು ಕೆಲಸದಿಂದ ತೆಗೆದರು. ಮಕ್ಕಳಿಗೆ ಅವಮಾನ ಮಾಡಿದಳಂತೆ. ಥೂ, ಎಂಥ ಜನವೋ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವಳು ಈಗ ಎಲ್ಲಿದ್ದಾಳೋ, ವಿಚಾರಿಸಿದರೂ ಸೆಂಟರಿನವರು ಬಾಯಿ ಬಿಡುವುದಿಲ್ಲ.

ಮನೆಗೆ ಬಂದವರಿಗೆಲ್ಲ ಸೊಸೆ ಆ ವಿಡಿಯೋ ತೋರಿಸುತ್ತಾಳೆ. ಮೊಮ್ಮಗಳು ಪ್ರತಿ ಸಲವೂ ಎದ್ದು ಬಂದು, ಅದನ್ನು ತಾನು ಮಾಡಿಲ್ಲ ಎಂದು ಹೇಳಿಯೇ ಹೋಗುತ್ತಾಳೆ. ಎಷ್ಟು ವಿನಯ, ಶಿಬಿರದಲ್ಲಿ ಇದನ್ನೂ ಕಲಿಸುತ್ತಾರಾ ಎಂದು ಬಂದವರು ಮೆಚ್ಚುತ್ತಾರೆ. ಕಲಿಸುವವಳೊಬ್ಬಳಿದ್ದಳು, ಅವಳನ್ನೇ ಓಡಿಸಿದರು ಎಂದು ನಾನು ಕೂತಲ್ಲಿಂದಲೇ ಹೇಳುತ್ತೇನೆ.