ಬಳೆ ಸಾಲದ ಮೇಡಂ

ಹನ್ನೆರಡು ಶಾಖೆಗಳ ಕೃಷಿ ಸಾಲದ ಕಡತಗಳು ಇಂದು ಅವಳ ಮೇಜಿಗೆ ಬಂದೇ ಮುಂದೆ ಹೋಗಬೇಕು. ಆದರೂ ಅವಳು ಮೊದಲು ಕೆಲಸಕ್ಕೆ ಸೇರಿದ ಊರಿನ ಹೆಂಗಸರು ಅವಳ ಹುದ್ದೆಯ ಹೆಸರು ಕಲಿಯುವ ಗೋಜಿಗೇ ಹೋಗಿಲ್ಲ. ಅವರ ಬಾಯಲ್ಲಿ ಅವಳು ಬಳೆ ಸಾಲದ ಮೇಡಂ. ಆ ಹೆಸರು ಬಂದದ್ದು ಅವಳ ಕೆಲಸ ಇನ್ನೇನು ಕೈತಪ್ಪಲಿದ್ದ ದಿನ.

ಆಗ ಅವಳಿಗೆ ಇಪ್ಪತ್ತಮೂರು. ಕಡ್ಡಿಯಂಥ ಮೈ, ನೆತ್ತಿಯ ಮೇಲೆ ಉಂಡೆಯಂಥ ತುರುಬು. ನೋಡಿದ ಮೊದಲ ದಿನವೇ ಕ್ಯಾಷಿಯರ್ ಅಕ್ಕ ಅವಳಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದಳು. ಬ್ಯಾಂಕೆಂದರೆ ಗೊಬ್ಬರದಂಗಡಿಯ ಪಕ್ಕದ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕೌಂಟರು, ಒಂದು ಬೆಂಚು, ಟಕಟಕ ಎಂದು ತಾಳ ಹಾಕುವ ಫ್ಯಾನು. ಹಿಂದಿನ ಕೋಣೆಯಲ್ಲಿ ಮ್ಯಾನೇಜರು. ಯೂರಿಯಾ ವಾಸನೆ ಪಾಸ್‌ಬುಕ್ಕುಗಳಿಗೂ ಹತ್ತಿತ್ತು.

ಆರು ತಿಂಗಳೊಳಗೆ ಇಪ್ಪತ್ತು ಹೊಸ ರೈತರಿಂದ ಬೆಳೆ ಸಾಲದ ಅರ್ಜಿ ತಂದರೆ ಕೆಲಸ ಖಾಯಂ. ಇಲ್ಲವಾದರೆ ಚಿಕ್ಕಪ್ಪನ ಝೆರಾಕ್ಸ್ ಅಂಗಡಿ. ಗಡುವಿಗೆ ಎರಡೇ ದಿನ ಉಳಿದಿದ್ದಾಗ ಅವಳ ಕೈಯಲ್ಲಿದ್ದದ್ದು ಎಂಟು. ಮನೆಮನೆ ಸುತ್ತಿ ಸ್ಕೂಟರಿನ ಟೈರು ಸವೆದಿತ್ತು. "ಆಗ್ಲಿ ಮೇಡಂ, ನೋಡೋಣ" ಎಂದು ಹೇಳಿ ಹೇಳಿ ಊರಿನ ಗಂಡಸರೂ ದಣಿದಿದ್ದರು.

"ಒಂದು ಬೋರ್ಡಾದ್ರೂ ಹಾಕೋಣ ಸಾರ್," ಎಂದಳು.

"ಹಾಕಿ. ಖರ್ಚು ಮಾತ್ರ ಆಗ್ಬಾರ್ದು," ಎಂದರು ಮ್ಯಾನೇಜರು. ಗುಂಡುಸೂಜಿಗೂ, ಅಂದರೆ ಪೆಟ್ಟಿಗೆಯಲ್ಲಿ ಬರುವ ಗುಂಡುಸೂಜಿಗೂ, ರಸೀದಿ ಕೇಳುವ ಮನುಷ್ಯ.

ಅವಳು ಸ್ಕೂಟರಿನ ಸೀಟಿನ ಮೇಲೆ ಚಲನ್ ಮಗುಚಿ ಹಾಕಿ ಒಂದು ಸಾಲು ಗೀಚಿ, ಪೇಂಟರನ ಕೈಗಿಟ್ಟು ಇನ್ನೊಂದು ಹಳ್ಳಿಗೆ ಓಡಿದಳು. ಮರುದಿನ ಬೆಳಿಗ್ಗೆ ಬಂದರೆ ಬ್ಯಾಂಕಿನ ಮುಂದೆ ಹನ್ನೊಂದು ಹೆಂಗಸರು ನಿಂತಿದ್ದಾರೆ. ತಲೆಯ ಮೇಲೆ ಹೊಚ್ಚ ಹೊಸ ಬೋರ್ಡು, ಕೆಂಪು ಅಕ್ಷರ: 'ಇಲ್ಲಿ ಕಡಿಮೆ ಬಡ್ಡಿಗೆ ಬಳೆ ಸಾಲ ದೊರೆಯುತ್ತದೆ.'

'ಬೆಳೆ'ಯ ಎತ್ವ ಎಲ್ಲಿ ಹೋಯಿತು? ಏಣಿ ಮಡಚುತ್ತಿದ್ದ ಪೇಂಟರ್ ಜೇಬಿನಿಂದ ಚಲನ್ ತೆಗೆದು ತೋರಿಸಿದ. "ನಿಮ್ಮ ಕೈಬರಹಾನೇ ಮೇಡಂ. ನಾನು ಒಂದಕ್ಷರ ಆಚೀಚೆ ಮಾಡಿದ್ರೆ ಕೇಳಿ."

"ಬ್ಯಾಂಕಲ್ಲಿ ಯಾರಾದ್ರೂ ಬಳೆಗೆ ಸಾಲ ಕೊಡ್ತಾರೇನ್ರೀ?"

"ನಂಗೂ ಅನುಮಾನ ಬಂತು. ಕಾಲ ಬದಲಾಯ್ತೇನೋ ಅಂತ ಸುಮ್ನಾದೆ."

ಅಷ್ಟರಲ್ಲಿ ಹೆಂಗಸರು ಒಳಗೆ ನುಗ್ಗಿದ್ದರು. ಮುಂದಾಳು, ಬೀದಿಬೀದಿಗೆ ಸೊಪ್ಪು ಮಾರುವ ಸೊಪ್ಪಿನಕ್ಕ, ಕೌಂಟರಿಗೆ ಎರಡೂ ಮೊಣಕೈ ಊರಿದಳು. "ಗಾಜಿನ ಬಳೆಗೊಂದು ಬಡ್ಡಿ, ಚಿನ್ನದ ಬಳೆಗೊಂದು ಬಡ್ಡಿನಾ ತಾಯಿ?"

ಕ್ಯಾಷಿಯರ್ ಅಕ್ಕ ಬಿದ್ದ ಚಿಲ್ಲರೆ ಹುಡುಕುವವಳಂತೆ ಕೌಂಟರಿನ ಕೆಳಗೆ ಕೂತಳು. ಕೌಂಟರು ಕುಲುಕತೊಡಗಿತು. ಹಿಂದಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ಅದು ಬಳೆ ಅಲ್ಲ ಅಕ್ಕಾ, ಬೆಳೆ. ಬರೆಯುವಾಗ ನಾನೇ ತಪ್ಪಿದೆ," ಎಂದಳು ಗುಂಡುಸೂಜಿ. ಭೂಮಿ ಬಾಯಿ ಬಿಟ್ಟಿದ್ದರೆ ಅವಳೇ ಮೊದಲು ಇಳಿಯುತ್ತಿದ್ದಳು.

"ನೋಡಿದ್ಯಾ ಅತ್ತಿಗೆ?" ಸೊಪ್ಪಿನಕ್ಕನ ನಾದಿನಿ ಸಿಡುಕಿದಳು. "ಬ್ಯಾಂಕಿನವ್ರು ಅಷ್ಟು ಒಳ್ಳೆಯವ್ರಲ್ಲ ಅಂತ ದಾರಿ ಉದ್ದಕ್ಕೂ ಬಡ್ಕೊಂಡೆ."

ಅವರು ಹೊರಡಲು ತಿರುಗಿದರು. ಏನಾದರೂ ಮಾತಾಡಬೇಕಲ್ಲ ಎಂದು ಗುಂಡುಸೂಜಿ ಕೇಳಿದಳು, "ಅದ್ಸರಿ, ಹನ್ನೊಂದು ಜನಕ್ಕೂ ಒಟ್ಟಿಗೇ ಬಳೆ ಯಾಕೆ ಬೇಕಾಯ್ತು?"

ಸೊಪ್ಪಿನಕ್ಕ ಎರಡೂ ಕೈ ಚಾಚಿದಳು. ಬರಿಯ ಮಣಿಕಟ್ಟು. ಬೆರಳಿನ ಬಿರುಕುಗಳಲ್ಲಿ ತೊಳೆದರೂ ಹೋಗದ ಮಣ್ಣು. "ಕಳೆ ಕೀಳೋ ಕೈಲಿ ಬಳೆ ನಿಲ್ಲುತ್ತಾ? ಹಾಕಿದ ವಾರಕ್ಕೇ ಚೂರು."

"ಯಾರ ಹೊಲದ ಕಳೆ?"

"ಯಾರದ್ದು ಅಂದ್ರೆ? ನಮ್ದೇ. ಗುತ್ತಿಗೆಗೆ ಹಿಡಿದಿದೀವಿ. ಸೊಪ್ಪು, ಬದನೆ, ಈರುಳ್ಳಿ ಹಾಕ್ತೀವಿ."

"ಮತ್ತೆ ಇಷ್ಟು ದಿನ ಬೆಳೆ ಸಾಲಕ್ಕೆ ಯಾಕೆ ಬರ್ಲಿಲ್ಲ?"

"ಅದು ರೈತರಿಗಲ್ವಾ ತಾಯಿ?"

ಕೌಂಟರಿನ ಕುಲುಕಾಟ ನಿಂತಿತು. ಆರು ತಿಂಗಳು ಬಾಗಿಲು ಬಾಗಿಲು ತಟ್ಟಿ "ಯಜಮಾನರು ಇದಾರಾ?" ಎಂದು ಕೇಳಿದ್ದು ಗುಂಡುಸೂಜಿಗೆ ನೆನಪಾಯಿತು. ಬಾಗಿಲು ತೆರೆದು, ಇಲ್ಲವೆಂದು ಹೇಳಿ ಕಳಿಸಿದ್ದವರು ಇವರೇ.

ಅವಳು ಹಿಂದಿನ ಕೋಣೆಯ ಬಾಗಿಲನ್ನು ದಬದಬ ಬಡಿದಳು. "ಸಾರ್! ಗುತ್ತಿಗೆ ರೈತರು ಗುಂಪಾಗಿ ಒಬ್ಬರಿಗೊಬ್ಬರು ಜಾಮೀನು ನಿಂತ್ರೆ ಸಾಲ ಕೊಡ್ಬಹುದು ಅಂತ ಸುತ್ತೋಲೆ ಇದೆಯಲ್ವಾ?"

"ಇದೆ," ಒಳಗಿನಿಂದ ದನಿ ಬಂತು. "ಹೊಲ ನೋಡ್ದೆ ನಾನು ಸಹಿ ಹಾಕಲ್ಲ."

"ಹಾಗಾದ್ರೆ ಹೊರಡಿ ಸಾರ್!"

ಅವರಿಗೆ ಬೇರೆ ದಾರಿಯಿರಲಿಲ್ಲ. ಹನ್ನೊಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದರು. ಮ್ಯಾನೇಜರು ಕಡತವನ್ನು ಎದೆಗವಚಿಕೊಂಡು ಸ್ಕೂಟರಿನ ಹಿಂದೆ ಕೂತರು. ಗುಂಡಿ ಬಂದಾಗಲೆಲ್ಲ "ನಿಧಾನ, ನಿಧಾನ!" ಎಂದು ಅವರು ಕೂಗುವುದು, ಅವಳು ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸುವುದು. ಒಳದಾರಿ ಹಿಡಿದು ನಡೆದ ಹೆಂಗಸರು ಇವರಿಗಿಂತ ಮುಂಚೆ ತಲುಪಿ ಹುಬ್ಬುಗೈ ಹಿಡಿದು ನೋಡುತ್ತಿದ್ದರು.

ಅಳತೆಪಟ್ಟಿ ಬಿಚ್ಚಿದ್ದೇ ತಡ ಎಲ್ಲರಿಗೂ ಅದರ ತುದಿ ಬೇಕು. "ನಂದು ಮೊದ್ಲು ಅಳೀರಿ!" "ಪಟ್ಟಿ ಬಿಗಿಯಾಗಿ ಹಿಡಿಯೇ, ನಿನ್ ಬದನೆಗೆ ಲಂಗ ಹೊಲಿಸ್ತಿಲ್ಲ!" ಗುಂಡುಸೂಜಿ ನಗುತ್ತಲೇ ಬರೆದಳು, ಬರೆಯುತ್ತಲೇ ಎಣಿಸಿದಳು. ಎಂಟು, ಹನ್ನೊಂದು, ಒಟ್ಟು ಹತ್ತೊಂಬತ್ತು. ಮತ್ತೆ ಎಣಿಸಿದಳು. ಹತ್ತೊಂಬತ್ತೇ. ನಗು ಅಲ್ಲಿಗೇ ಉಡುಗಿತು.

ಕಾಲುವೆಯಾಚೆ, ಬಾಚಿದ ತಲೆಯಂತೆ ಸಾಲು ಹಿಡಿದ ಈರುಳ್ಳಿ ಪಾತಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು.

"ಅದು ಯಾರದು?" ಎಂದರು ಮ್ಯಾನೇಜರು.

"ನಮ್ಮತ್ತೇದು," ಎಂದಳು ಸೊಪ್ಪಿನಕ್ಕ. "ಬ್ಯಾಂಕು ಅಂದ್ರೆ ಉರಿದು ಬೀಳ್ತಾರೆ. ಕೇಳ್ಬೇಡಿ."

ಮ್ಯಾನೇಜರು ಕೇಳಲು ಹೊರಟೇಬಿಟ್ಟರು. ಕಾಲುವೆಯ ಹಲಗೆ ಅವರನ್ನು ನಡುವಿನವರೆಗೆ ಒಯ್ದು ಅಲ್ಲಿ ಕೈಬಿಟ್ಟಿತು. ಮೊಣಕಾಲಿನವರೆಗೆ ಕೆಸರು. ಕಡತ ಮಾತ್ರ ತಲೆಯ ಮೇಲೆ. ಮುದುಕಿ ಎದ್ದು ಬಂದು ಅವರ ಮುಂಗೈ ಹಿಡಿದಳು, ಎಳೆಯಲಿಲ್ಲ.

"ಇಷ್ಟು ಒಳ್ಳೆ ಈರುಳ್ಳಿಗೆ ನೀರು ಹೇಗಮ್ಮಾ?" ಕೆಸರಿನಿಂದಲೇ ಕೇಳಿದರು.

"ಬಿಂದಿಗೇಲಿ ಹೊರ್ತೀನಿ."

"ಒಂದು ಪಂಪ್ ಬೇಡ್ವಾ?"

"ನೀನು ಕೊಡ್ತೀಯಾ?"

ಆಗ ಅವರ ಜೇಬಿನ ಫೋನು ಹೊಡೆದುಕೊಂಡಿತು. ಪ್ರಧಾನ ಕಚೇರಿ. ಆ ಕಡೆಯ ದನಿ ದಡದಲ್ಲಿದ್ದವರಿಗೂ ಕೇಳಿಸಿತು. "ಆ ಹುಡುಗಿ ಕಥೆ ಏನ್ರೀ? ಇಪ್ಪತ್ತು ಆಯ್ತಾ, ಇಲ್ಲಾ ಮನೆಗೆ ಕಳಿಸೋಣ್ವಾ?"

ಮ್ಯಾನೇಜರು ಮುದುಕಿಯ ಮುಖ ನೋಡಿದರು. ಮುದುಕಿ ಗುಂಡುಸೂಜಿಯ ಮುಖ ನೋಡಿದಳು. ಆಮೇಲೆ ಹೂಂ ಎಂಬಂತೆ ಒಮ್ಮೆ ತಲೆಯಾಡಿಸಿದಳು.

"ಆಯ್ತು ಸಾರ್, ಇಪ್ಪತ್ತು," ಎಂದರು ಮ್ಯಾನೇಜರು. "ಇಪ್ಪತ್ತನೆಯವರು ನನ್ನ ಕೈ ಹಿಡ್ಕೊಂಡಿದ್ದಾರೆ. ಪಂಪು ಬರೋವರೆಗೂ ಬಿಡೋ ಹಾಗೆ ಕಾಣ್ತಿಲ್ಲ."

ಗುಂಡುಸೂಜಿ ಚಪ್ಪಲಿ ಕೈಯಲ್ಲಿ ಹಿಡಿದು ಬದನೆ ಸಾಲುಗಳ ನಡುವೆ ಓಡಿದಳು. ಎಲ್ಲಿಗೆ, ಯಾಕೆ, ಅವಳಿಗೂ ಗೊತ್ತಿರಲಿಲ್ಲ.

"ಗಿಡ! ಗಿಡ ತುಳಿದೀಯೇ!" ಎಂದು ಹನ್ನೊಂದು ಜನ ಒಂದೇ ಉಸಿರಿಗೆ ಕೂಗಿದರು.