ಪಾಸ್ಟರಮ್ಮನ ಪಕ್ಕದ ಜಾಗ

ಹೋದ ಭಾನುವಾರ ನನ್ನ ಗಂಡ ಚರ್ಚಿನಲ್ಲಿ ನನ್ನ ಪಕ್ಕ ಕೂತರು.

ಇದೂ ಒಂದು ಸುದ್ದಿಯೇ ಅಂತ ಪುಟ ತಿರುಗಿಸಬೇಡಿ. ನಿಮ್ಮ ಯಜಮಾನರು ಟಾಕೀಸಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನಿಮ್ಮ ಪಕ್ಕ ಕೂರುತ್ತಾರೆ. ನಿಮಗದು ಲೆಕ್ಕಕ್ಕೇ ಇಲ್ಲ. ನನ್ನ ಗಂಡ ಪಾಸ್ಟರು. ಬೆಂಗಳೂರಿನ ಮರ್ಫಿ ಟೌನಿನ ಒಂದು ಪುಟ್ಟ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕರು. ಭಾನುವಾರ ಬೆಳಿಗ್ಗೆ ಅವರು ಮೇಲೆ ಬೋಧನೆಯ ಪೀಠ ಪುಲ್ಪಿಟ್ಟಿನ ಹಿಂದೆ, ನಾನು ಕೆಳಗೆ ಎರಡನೇ ಬೆಂಚಿನಲ್ಲಿ. ಇಡೀ ಸಭೆಗೆ ಅವರ ಮುಖ ಎಷ್ಟು ಕಾಣುತ್ತದೋ ನನಗೂ ಅಷ್ಟೇ. ಹೆಂಡತಿ ಅಂತ ಒಂದಿಂಚೂ ಜಾಸ್ತಿಯಿಲ್ಲ.

(ಹಳ್ಳಿ ಕಡೆಯ ಚರ್ಚುಗಳಲ್ಲಿ ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಇನ್ನೊಂದು ಕಡೆ. ಅಲ್ಲಿದ್ದಿದ್ದರೆ ನನಗೆ ಈ ಸಂಕಟವೂ ಇರುತ್ತಿರಲಿಲ್ಲ, ನಿಮಗೆ ಈ ವಾರದ ಅಂಕಣವೂ ಇರುತ್ತಿರಲಿಲ್ಲ. ನಮ್ಮ ಚರ್ಚಿನ ರೂಢಿ ಬೇರೆ. ಇಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲ ಒಂದೇ ಬೆಂಚು.)

ಪಾಸ್ಟರಾಗುವ ಮುಂಚೆ ಕೂತಿರಬೇಕಲ್ಲ ಅಂತೀರಾ? ಮುಂಚೆ ಅವರು ಮಿಲಿಟರಿಯಲ್ಲಿದ್ದರು. ಹವಾಲ್ದಾರ್. ಚೀನಾ ಯುದ್ಧದ ಹೊತ್ತಿಗೆ ಅವರು ಯಾವ ಬೆಟ್ಟದ ಮೇಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಕೈಗೂಸನ್ನು ಮಡಿಲಲ್ಲಿಟ್ಟುಕೊಂಡು ಇದೇ ಬೆಂಚಿನಲ್ಲಿ ಕೂತು ಅಳುತ್ತಿದ್ದೆ. ರಜೆಗೆ ಬಂದಾಗ ಜೊತೆಗೆ ಚರ್ಚಿಗೆ ಹೋದದ್ದುಂಟು. ಆದರೆ ಆಗ ನಮ್ಮಿಬ್ಬರ ಮಧ್ಯೆ ನಮ್ಮತ್ತೆ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಮಗ. ಅವರಿಗೂ ಆಸೆ ಇರುವುದಿಲ್ಲವೇ? ಜಾಗ ಬಿಟ್ಟುಕೊಟ್ಟೆ.

ಪಾಕಿಸ್ತಾನದ ಯುದ್ಧ ಮುಗಿಸಿ ಬಂದವರು ಒಂದು ದಿನ ಊಟಕ್ಕೆ ಕೂತಾಗ, "ದೇವರು ನನ್ನನ್ನ ಸೇವೆಗೆ ಕರೀತಿದಾನೆ, ಸುಗುಣ" ಅಂದರು. ನಾನು ಕರೆದರೆ ಹತ್ತು ದಿನದ ರಜೆ ಸಿಗುತ್ತಿರಲಿಲ್ಲ. ದೇವರು ಕರೆದದ್ದಕ್ಕೆ ಪೆನ್ಷನ್ ಸಮೇತ ಬಿಡುಗಡೆ! ಆಮೇಲೆ ಬೈಬಲ್ ಕಾಲೇಜು, ಅದರ ಹಾಸ್ಟೆಲು. ಅದು ಮುಗಿಯಿತು ಅನ್ನುವಷ್ಟರಲ್ಲಿ ಪುಲ್ಪಿಟ್ಟು.

ವರ್ಷಕ್ಕೊಂದು ಭಾನುವಾರ ಬೇರೆ ಚರ್ಚಿನ ಪಾಸ್ಟರು ನಮ್ಮಲ್ಲಿಗೆ ಬಂದು ಬೋಧಿಸುವ ಪದ್ಧತಿ ಇದೆ. ಆ ದಿನ ಇವರು ಬಿಡುವಾಗಿರುತ್ತಾರಾ? ಎಲ್ಲಿ ಬಂತು! ಇವರು ಅವರ ಚರ್ಚಿಗೆ ಹೋಗಬೇಕು. ಅದಲು ಬದಲು. ಅಲ್ಲಿ ಆ ಪಾಸ್ಟರ ಹೆಂಡತಿ ಒಬ್ಬಳೇ, ಇಲ್ಲಿ ನಾನು ಒಬ್ಬಳೇ. ಈ ಪದ್ಧತಿ ತಂದ ಪುಣ್ಯಾತ್ಮನಿಗೆ ಮದುವೆ ಆಗಿರಲಿಲ್ಲ ಅಂತ ಕಾಣುತ್ತದೆ.

ನಮ್ಮವರನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಜಾತಿಯಲ್ಲ ಅವರದು. ಶನಿವಾರ ಸಂಜೆ ಮಕ್ಕಳ ಶೂಗಳನ್ನೆಲ್ಲ ಸಾಲಾಗಿಟ್ಟು ಪಾಲಿಶ್ ಹಾಕುತ್ತಾರೆ. ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲುತ್ತಾರೆ. ನನಗೆ ಜ್ವರ ಬಂದರೆ ಮಿಲಿಟರಿ ಅಡುಗೆ ಮಾಡಿ ಬಡಿಸುತ್ತಾರೆ (ಆ ಸಾರಿನ ಬಗ್ಗೆ ಬರೆಯುವುದಿಲ್ಲ, ಇವರೂ ಈ ಪತ್ರಿಕೆ ಓದುತ್ತಾರೆ). ನನಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಭಾನುವಾರ, ಪೂರ್ತಿ ಆರಾಧನೆ, ಅವರ ಭುಜ ನನ್ನ ಭುಜಕ್ಕೆ ತಾಗುವ ಹಾಗೆ ಕೂತಿರಬೇಕು.

ನಮ್ಮ ಮುಂದಿನ ಬೆಂಚಿನಲ್ಲಿ ಜಯರಾಜಣ್ಣ, ಅವರ ಹೆಂಡತಿ ರೂತ್ ಕೂರುತ್ತಾರೆ. ಜಯರಾಜಣ್ಣನಿಗೆ ವಿಮಾನಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಂದರೆ ಪ್ರಸಂಗದ (ಪಾಸ್ಟರ ಬೋಧನೆಗೆ ನಾವು ಹಾಗನ್ನುತ್ತೇವೆ) ನಡುವೆ ತೂಕಡಿಸುತ್ತಾರೆ. ರೂತ್ ಮೊಣಕೈಯಿಂದ ತಿವಿಯುತ್ತಾಳೆ. ಅವರು ಬೆಚ್ಚಿಬಿದ್ದು "ಆಮೆನ್" ಅನ್ನುತ್ತಾರೆ. ತೂಕಡಿಸುವುದು ನನ್ನ ಗಂಡನ ಪ್ರಸಂಗಕ್ಕೆ. ನನಗೆ ಸಿಟ್ಟು ಬರಬೇಕು ತಾನೇ? ನನಗೆ ಬರುತ್ತಿದ್ದದ್ದು ಹೊಟ್ಟೆಕಿಚ್ಚು. ತಿವಿಯುವುದಕ್ಕೆ ಅವಳ ಪಕ್ಕ ಒಬ್ಬರಿದ್ದಾರಲ್ಲ ಅಂತ.

ಈ ಸಲ ಡಿಸೆಂಬರಿನ ಚಳಿಯಲ್ಲಿ ಇವರು ಕ್ರಿಸ್ಮಸ್ ಹಾಡಿನ ಕ್ಯಾರಲ್ ಗುಂಪಿನ ಜೊತೆ ಹಲಸೂರಿನಿಂದ ರಿಚರ್ಡ್ಸ್ ಟೌನಿನವರೆಗೆ ಮನೆಮನೆ ಹಾಡಿಕೊಂಡು ಬಂದರು. ಪರೇಡ್ ಮೈದಾನದ ಗಂಟಲು, ಮೈಕು ಬೇಡ ಅನ್ನುವ ಜಂಭ ಬೇರೆ. ಹೊಸ ವರ್ಷದ ಹೊತ್ತಿಗೆ ಗಂಟಲು ಕಟ್ಟಿಹೋಯಿತು. ಶಿವಾಜಿನಗರದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಪಾಸ್ಟರ್ ಸಾಬ್, ಹದಿನೈದು ದಿನ ಬಾಯಿ ಬಂದ್. ಬಿಲ್ಕುಲ್ ಬಂದ್. ಪಿಸುಮಾತೂ ಬೇಡ" ಅಂದರು.

ಎದುರುತ್ತರ ಕೊಡಲಾಗದ ಗಂಡ! ಹೆಂಡತಿಯಾದವಳಿಗೆ ಇನ್ನೇನು ಬೇಕು?

ಮೊದಲ ಭಾನುವಾರ ಜ್ವರ ಅಂತ ಮನೆಯಲ್ಲೇ ಮಲಗಿದ್ದರು. ಎರಡನೆಯದಕ್ಕೆ ಜ್ವರ ಇಳಿದಿತ್ತು, ದನಿ ಬಂದಿರಲಿಲ್ಲ. ಬೋಧಿಸಲು ಕೆ.ಆರ್. ಪುರದಿಂದ ಒಬ್ಬ ಯುವ ಪಾಸ್ಟರು ಬರುತ್ತಾರೆ ಅಂತಾಯಿತು. ಶನಿವಾರ ಜಯರಾಜಣ್ಣ ಮನೆಗೆ ಬಂದು, "ಅಯ್ಯನೋರೆ, ನಿಮ್ಗೆ ಮೇಲ್ಗಡೆ ಒಂದು ಕುರ್ಚಿ ಹಾಕಿಸ್ಬಿಡ್ಲಾ?" ಅಂತ ಕೇಳಿದರು.

ಇವರು ಕೈಸನ್ನೆ ಮಾಡುವ ಮೊದಲೇ ನಾನು ಬಾಯಿ ಹಾಕಿದೆ. "ಮಾತೇ ಆಡದವ್ರಿಗೆ ಮೇಲೇನು ಕೆಲ್ಸ ಜಯರಾಜಣ್ಣ? ಕೆಳಗೆ ನನ್ನ ಪಕ್ಕ ಕೂತ್ಕೋತಾರೆ ಬಿಡಿ."

ಇವರು ಹುಬ್ಬೇರಿಸಿ ನನ್ನನ್ನೇ ನೋಡಿದರು. ಆಮೇಲೆ ಸದ್ದಿಲ್ಲದೆ ನಕ್ಕು ಒಂದು ಸಲ್ಯೂಟ್ ಹೊಡೆದರು.

ಭಾನುವಾರ ಕ್ರಿಸ್ಮಸ್ಸಿನ ಸೀರೆಯನ್ನೇ ಮತ್ತೆ ಉಟ್ಟೆ. ಮಗಳು ಲಿಲ್ಲಿ ಎಂದಿನ ಹಾಗೆ ನನ್ನ ಮಗ್ಗುಲಿಗೇ ಬಂದು ನಮ್ಮಿಬ್ಬರ ಮಧ್ಯೆ ನುಗ್ಗಿದಳು. "ಆ ಕಡೆ ಹೋಗೇ. ಇವತ್ತು ಮಧ್ಯದಲ್ಲಿ ಯಾರೂ ಕೂರ್ಬಾರ್ದು" ಅಂದೆ. ಅವಳು ಮುಖ ಊದಿಸಿಕೊಂಡು ತಮ್ಮನ ಪಕ್ಕ ಹೋದಳು. ಹೋಗಲಿ. ಅತ್ತೆಗೆ ಬಿಟ್ಟುಕೊಟ್ಟೆ, ದೇಶಕ್ಕೆ ಬಿಟ್ಟುಕೊಟ್ಟೆ, ಮಗಳಿಗೆ ಯಾಕೆ ಬಿಡಲಿ?

ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿಯ ಮೇಲೆ. ಪಕ್ಕಾ ಹವಾಲ್ದಾರರ ಹಾಗೆ ಕೂತರು. ಮೈಯಿಂದ ನೀಲಗಿರಿ ಎಣ್ಣೆಯ ವಾಸನೆ. ಕೀರ್ತನೆಯ ಪುಟ ತೆಗೆದುಕೊಟ್ಟು, ಪುಸ್ತಕದ ಆ ತುದಿ ತಾವು ಹಿಡಿದರು, ಈ ತುದಿ ನಾನು. ಅವರಿಗೆ ಹಾಡಲಾಗದು. ಅವರ ಪಾಲಿನದ್ದನ್ನೂ ನಾನೇ ಹಾಡಿದೆ, ಸ್ವಲ್ಪ ಜೋರಾಗಿಯೇ.

ಪ್ರಸಂಗ ಶುರುವಾಯಿತು. ಯುವ ಪಾಸ್ಟರು ಏನು ಬೋಧಿಸಿದರೋ ದೇವರೇ ಬಲ್ಲ, ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು. ಮುಂದಿನ ಬೆಂಚಿನಲ್ಲಿ ಜಯರಾಜಣ್ಣನ ತಲೆ ವಾಲಿತು. ರೂತ್ ತಿವಿದಳು. ನಮ್ಮವರ ಭುಜ ನಗೆಯಿಂದ ಕುಲುಕಿತು. ಪುಲ್ಪಿಟ್ಟಿನಿಂದ ತೂಕಡಿಕೆಯಷ್ಟೇ ಕಾಣುತ್ತಿತ್ತಂತೆ, ಮೊಣಕೈ ಕಾಣುತ್ತಿರಲಿಲ್ಲವಂತೆ. (ಇದು ಆಮೇಲೆ ಅವರೇ ಚೀಟಿಯಲ್ಲಿ ಬರೆದು ತೋರಿಸಿದ್ದು.)

ಆಗ ನಾನೂ ಒಂದು ತಿವಿದೆ. ಕಾರಣವಿಲ್ಲ. ಅವರು ನಿದ್ದೆ ಮಾಡುತ್ತಿರಲಿಲ್ಲ, ಏನೂ ಇಲ್ಲ. ಯಾಕೆ ಅನ್ನುವ ಹಾಗೆ ತಿರುಗಿ ನೋಡಿದರು.

"ಏನಿಲ್ಲ ಸುಮ್ನಿರಿ" ಅಂದೆ.

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಒಬ್ಬರು ಬಗ್ಗಿಕೊಂಡು ಒಳಗೆ ಬಂದರು. ನಮ್ಮ ಸಭೆಯ ಹಿರಿಯ ಅರುಳಪ್ಪನವರ ಮಗ. ಅರುಳಪ್ಪನವರು ಮಳೆಗಾಲದಿಂದ ಹಾಸಿಗೆ ಹಿಡಿದಿದ್ದಾರೆ. ಮಗ ಇವರ ಕಿವಿಯ ಹತ್ತಿರ ಬಾಗಿ, "ಅಯ್ಯನೋರೆ, ಅಪ್ಪನ್ಗೆ ತುಂಬಾ ಸೀರಿಯಸ್ಸು. ನಿಮ್ಮನ್ನೇ ಕೇಳ್ತಾವ್ರೆ" ಅಂದರು.

ಇಂಥ ಹೊತ್ತಿನಲ್ಲಿ ನಮ್ಮವರು ಯಾರನ್ನೂ ಕೇಳುವವರಲ್ಲ. ಅನ್ನದ ತಟ್ಟೆ ಬಿಟ್ಟು ಎದ್ದು ಹೋದದ್ದಿದೆ. ಅವತ್ತು ಮಾತ್ರ ಏಳಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ಅಂದರೆ ಅವರಿಗೆ ಗೊತ್ತಿತ್ತು. ಈ ಬೆಂಚು, ಈ ಒಂದು ಭಾನುವಾರ ನನಗೆ ಏನು ಅಂತ ಅವರಿಗೆ ಗೊತ್ತಿತ್ತು. ಮುಂದಿನ ವಾರಕ್ಕೆ ಡಾಕ್ಟರು ಹೇಳಿದ ಗಡುವು ಮುಗಿಯುತ್ತದೆ, ಇವರು ಮತ್ತೆ ಮೇಲೆ ಹತ್ತುತ್ತಾರೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಪಾಸ್ಟರ ಹೆಂಡತಿ ಏನು ಹೇಳಬೇಕು? "ಹೋಗಿಬನ್ನಿ" ಅನ್ನಬೇಕು. ನಾನು ಅನ್ನಲಿಲ್ಲ.

"ದನಿಯೇ ಇಲ್ವಲ್ರೀ. ಪ್ರಾರ್ಥನೆ ಮಾಡೋಕಾಗಲ್ಲ, ಬೈಬಲ್ ಓದೋಕಾಗಲ್ಲ. ಹೋಗಿ ಏನ್ಮಾಡ್ತೀರಿ?" ಅಂತ ಮೆಲ್ಲಗೆ ಕೇಳಿದೆ. ಕೇಳುವಾಗಲೇ ನನ್ನ ಕಣ್ಣು ತುಂಬಿತ್ತು.

ಅವರು ನನ್ನ ಕಿವಿಗೆ ಬಾಯಿ ತಂದರು. ಡಾಕ್ಟರ ಮಾತು ಮೀರಿ, ಒಡೆದ ಗಂಟಲಿನಲ್ಲಿ ಎರಡೇ ಮಾತು ಹೇಳಿದರು.

"ಪಕ್ಕದಲ್ಲಿ ಕೂತ್ಕೋತೀನಿ."

ಪಕ್ಕದಲ್ಲಿ ಒಬ್ಬರು ಕೂತರೆ ಸಾಕು, ಬಾಯಿಮಾತು ಬೇಕಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಂಡಿ ಓರೆ ಮಾಡಿ ದಾರಿ ಬಿಟ್ಟೆ. ಅವರು ನನ್ನ ಕೈ ಒಮ್ಮೆ ಒತ್ತಿ ಹೋದರು.

ಹಬ್ಬದ ದಿನ ಡ್ಯೂಟಿಯಲ್ಲಿರುವ ಪೊಲೀಸರ ಹೆಂಡತಿ, ಬಸ್ ಕಂಡಕ್ಟರ ಹೆಂಡತಿ, ಹೆರಿಗೆ ಡಾಕ್ಟರ ಗಂಡ, ನೀವೆಲ್ಲ ಈ ಅಂಕಣ ಓದುತ್ತೀರಿ ಅಂತ ನನಗೆ ಗೊತ್ತು. ನಮ್ಮವರು ಒಳ್ಳೆಯ ಕೆಲಸಕ್ಕೇ ಹೋಗಿರುತ್ತಾರೆ. ಅದೇ ಕಷ್ಟ. ಜಗಳ ಆಡುವುದಕ್ಕೂ ಆಗುವುದಿಲ್ಲ.

ಅರುಳಪ್ಪನವರು ಮಧ್ಯಾಹ್ನ ತೀರಿಕೊಂಡರು. ಕೊನೆಯವರೆಗೂ ಇವರ ಕೈ ಹಿಡಿದುಕೊಂಡೇ ಇದ್ದರಂತೆ. ನಾನು ಅದಕ್ಕೆ ದೇವರಿಗೆ ಸ್ತೋತ್ರ ಹೇಳಿದ್ದೇನೆ, ಮನಸಾರೆ. ಆದರೆ ಆ ಬೆಳಿಗ್ಗೆ ಇನ್ನೊಂದು ನಡೆಯಿತು. ಅದನ್ನು ಇವರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಇವರು ಎದ್ದು ಹೋದ ಸ್ವಲ್ಪ ಹೊತ್ತಿಗೆ ಸೆಲ್ವಿಯಮ್ಮ ಬಂದರು. ಹಲಸೂರು ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮುಗಿಸಿ ಬರುವ ಮುದುಕಿ. ಬೆಂಚುಗಳೆಲ್ಲ ತುಂಬಿದ್ದವು. ನನ್ನ ಪಕ್ಕದ ಖಾಲಿ ಜಾಗ ನೋಡಿ, "ಪಾಸ್ಟ್ರಮ್ಮಾ, ಕೊಂಚ ಸರ್ಕೊಳಿಮ್ಮಾ" ಅಂದರು.

ಸರಿದು ಜಾಗ ಕೊಡುವುದೇ ಪಾಸ್ಟರಮ್ಮನ ಕೆಲಸ. ನಾನು ಸರಿಯಲಿಲ್ಲ. ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡು, "ಇಲ್ಲಿ ನಮ್ಮನೆಯವ್ರು ಕೂತಿದಾರೆ ಸೆಲ್ವಿಯಮ್ಮ" ಅಂದೆ.

ಆಕೆ ಬೆಂಚು ನೋಡಿದರು, ನನ್ನ ಮುಖ ನೋಡಿದರು. ಹಿಂದೆ ಹೋಗಿ ಗೋಡೆಗೊರಗಿ ನಿಂತರು.

ನೀವೇ ಹೇಳಿ, ದೇವರ ಮನೆಯಲ್ಲಿ ಕೂತು ನಾನು ಸುಳ್ಳು ಹೇಳಿದೆನೇ?