ಇಳಿಜಾರಿನಲ್ಲೊಂದು ಸ್ಟೇಶನ್ನು

ಈರಣ್ಣನಿಗೆ ಬಾಯಿ ಮುಚ್ಚಿಕೊಂಡು ಪತ್ರ ಬರೆಯಲು ಬರುತ್ತಿರಲಿಲ್ಲ. ಪ್ರತಿ ಮಾತೂ ಮೊದಲು ನಾಲಗೆಯ ಮೇಲೆ ಬರಬೇಕು, ಅದೂ ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ, ಆಮೇಲೆ ಕಾಗದಕ್ಕೆ ಇಳಿಯಬೇಕು. ಭಾನುವಾರ ಬೆಳಿಗ್ಗೆ ಮಿಂದು ಬಂದು, ನಮ್ಮ ಜಗಲಿಯ ಮೇಲೆ ಕಾಲು ಮಡಚಿ ಕೂತು, ನಕ್ಷೆ ಬರೆಯುವ ಹಲಗೆಯ ಮೇಲೆ ನೀಲಿ ಇನ್‌ಲ್ಯಾಂಡ್ ಲೆಟರನ್ನು ಹಾಸಿ, "ತೀರ್ಥರೂಪ ತಂದೆಯವರಿಗೆ" ಎಂದು ಅವನು ಶುರು ಮಾಡಿದನೆಂದರೆ ನಾನು ಹೊಲಿಗೆ ಮಿಶನ್ನು ನಿಲ್ಲಿಸಿಬಿಡುತ್ತಿದ್ದೆ. ರೇಡಿಯೋದಲ್ಲೂ ಅಷ್ಟು ಚೆಂದದ ಕಾರ್ಯಕ್ರಮ ಬರುತ್ತಿರಲಿಲ್ಲ. ಯಾಕಪ್ಪಾ ಹೀಗೆ ಕೂಗುತ್ತೀಯ ಎಂದು ಕೇಳಿದರೆ, ಊರಲ್ಲಿ ಅವ್ವನಿಗೆ ಓದು ಬಾರದು, ತಂಗಿ ಓದಿ ಹೇಳುತ್ತಾಳೆ, ಇಲ್ಲಿ ನನ್ನ ಬಾಯಲ್ಲಿ ತೊಡರಿದ್ದು ಅಲ್ಲಿ ಅವಳ ಬಾಯಲ್ಲೂ ತೊಡರುತ್ತದೆ ಎನ್ನುತ್ತಿದ್ದ.

ಅವನು ರೈಲ್ವೆ ಇಂಜಿನಿಯರು. ಊರು ಗದಗು. ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಗೆ ರೈಲು ತರುವ ಸರ್ವೆ ನಡೆದಾಗ ಹೊನ್ನಾವರಕ್ಕೆ ಬಂದವನು ನಮ್ಮ ಮನೆಯ ಹೊರಗಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ನನ್ನ ಗಂಡ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದರು, ಹಂಗಾಮಿನಲ್ಲಿ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಮತ್ತು ನಾನು. ಮೊದಲ ತಿಂಗಳು ನಾವು ಅವನನ್ನು 'ಇಂಜಿನಿಯರ್ ಸಾಹೇಬ್ರು' ಎಂದೆವು. ಎರಡನೆಯ ತಿಂಗಳಿಗೆ ಅವನು ಈರಣ್ಣನಾದ. ಅತ್ತೆ ಅವನಿಗೆ 'ಅವ್ವಾರ' ಆದರು, ನಾನು 'ಅಕ್ಕಾರ'.

ಇಪ್ಪತ್ತೈದರ ಆಸುಪಾಸಿನ ಸಣಕಲ ಹುಡುಗ. ದಿನವಿಡೀ ಮೂರು ಕಾಲಿನ ದುರ್ಬೀನಿನಲ್ಲಿ ಇಣುಕಿ ಇಣುಕಿ ಒಂದು ಕಣ್ಣು ಸಣ್ಣಗಾಗಿಬಿಟ್ಟಿತ್ತು. ತಟ್ಟೆಯಲ್ಲಿಟ್ಟ ದೋಸೆಯನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ, ಅದು ಸಮತಟ್ಟಾಗಿದೆಯೋ ಇಲ್ಲವೋ ಎಂಬಂತೆ. ಮೀನು ಮುಟ್ಟುವವನಲ್ಲ. ಊಟಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಹೋಗುತ್ತಿದ್ದ, ಬೆಳಗಿನ ತಿಂಡಿ, ಚಹಾ ಮಾತ್ರ ನಮ್ಮಲ್ಲಿ. ಬಂಗಡೆ ತಿನ್ನದ ಮೈಗೆ ಎಂತ ಹತ್ತತದೆ ಎಂದು ಅತ್ತೆ ಕೊರಗುತ್ತಿದ್ದರು. ಗೇರುಗುಡ್ಡವನ್ನೆಲ್ಲ ಹತ್ತಿ ಇಳಿದವನು ಸಮುದ್ರಕ್ಕೆ ಮಾತ್ರ ಕಾಲು ಹಾಕಲಿಲ್ಲ. 'ಸಮುದ್ರಾ ದಿನಾ ನೋಡತೀನಿ, ದೂರದಿಂದ' ಎಂದು ಮನೆಗೆ ಬರೆದ.

ಅವನ ಪತ್ರಗಳಲ್ಲಿ ನಾವೂ ಇರುತ್ತಿದ್ದೆವು. ಒಂದು ಭಾನುವಾರ 'ಮನಿ ಮಾಲಕರ ಸೊಸಿ ಭಾಳ ಜೋರ ಅದಾರ' ಎಂದು ನನ್ನೆದುರಿಗೇ ಕೂಗಿ ಬರೆದ. ಹೊಡೆದು ಹಾಕು ಎಂದೆ. ಖರೇ ಐತಲ್ರಿ ಎಂದು ಅಂಟು ಹಚ್ಚಿ ಮುಚ್ಚಿಯೇಬಿಟ್ಟ. ಎರಡು ವಾರದ ಮೇಲೆ ಗದಗಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಬಂತು, 'ಜೋರ ಸೊಸಿ'ಗೆ ಎಂದು ಅವನ ಅವ್ವ ಕಳಿಸಿದ್ದು. ನಾವು ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ ಕಳಿಸಿದೆವು. ಒಬ್ಬರ ಮುಖ ಒಬ್ಬರು ಕಾಣದೆಯೇ ಎರಡು ಮನೆಗಳಿಗೆ ನೆಂಟಸ್ತಿಕೆ ಬೆಳೆಯಿತು.

ಆ ಮನೆಯಿಂದ ಬರುವ ಉತ್ತರವನ್ನೂ ಅವನು ಗಟ್ಟಿಯಾಗಿಯೇ ಓದುತ್ತಿದ್ದ. ಅವ್ವ ಹೇಳಿ ತಂಗಿ ಬರೆದ ಪತ್ರ. ಎಮ್ಮೆ ಕರು ಹಾಕಿದ್ದು, ಓಣಿಯ ಜಗಳ, ಎಲ್ಲ ಇರುತ್ತಿತ್ತು. ಕೊನೆಗೆ ಮಾತ್ರ ತಪ್ಪದೆ ಒಂದೇ ಸಾಲು: 'ಅಪ್ಪ ಆರಾಮ ಅದಾರ, ನಿನ್ನ ಕೇಳತಿರತಾರ.' ಅಲ್ಲಿಗೆ ಬಂದಾಗ ಈರಣ್ಣನ ದನಿ ಇಳಿದುಹೋಗುತ್ತಿತ್ತು. ಒಮ್ಮೆ ಅತ್ತೆ, ಅಪ್ಪ ನಿಜಕ್ಕೂ ಕೇಳ್ತಾರಾ ಎಂದರು.

"ಇಲ್ರಿ ಅವ್ವಾರ," ಎಂದ ಈರಣ್ಣ. "ತಂಗಿ ತಾನ ಬರೀತಾಳ. ಅಪ್ಪ ನನ್ನ ಹೆಸರು ಎತ್ತಿ ವರ್ಷಾತು."

ಅವನ ಅಪ್ಪ ರೈಲು ಎಂಜಿನ್ನಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಮಗ ಇಂಜಿನಿಯರ್ ಆದಾಗ ಓಣಿಗೆಲ್ಲ ಪೇಡೆ ಹಂಚಿದ್ದರಂತೆ. ಅವನಿಗೆ ಹುಬ್ಬಳ್ಳಿಯಲ್ಲೇ ಕೆಲಸ ಸಿಗಲೆಂದು ಹಳೆಯ ಸಾಹೇಬರೊಬ್ಬರ ಮನೆಗೆ ಹೋಗಿ ಕೈಮುಗಿದು ಒಪ್ಪಿಸಿ ಬಂದಿದ್ದರು. ಈರಣ್ಣನಿಗೆ ಹೊಸ ದಾರಿ ಎಳೆಯುವ ಹುಚ್ಚು. ಆ ಕೆಲಸ ಬೇಡವೆಂದು ಇಲ್ಲಿಗೆ ಬಂದ. ಅದುವರೆಗೆ ಯಾರಿಗೂ ಕೈಮುಗಿಯದ ಅಪ್ಪನಿಗೆ ಸಾಹೇಬರ ಮುಂದೆ ತಲೆ ತಗ್ಗಿಸುವಂತಾಯಿತು. ಹಳಿ ಇಲ್ಲದ ಊರಿನಲ್ಲಿ ರೈಲ್ವೆ ನೌಕರಿ ಮಾಡುವವನು ನನ್ನ ಮಗನಲ್ಲ ಎಂದವರು, ಆಮೇಲೆ ಮಾತೇ ಬಿಟ್ಟರು. ತಪ್ಪಾಯಿತು ಎಂದು ಈರಣ್ಣ ಎಷ್ಟೋ ಸಲ ಬರೆದಿದ್ದ. ತಂಗಿ ಓದುವಾಗ ಆ ಸಾಲು ಬಂತೆಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರಂತೆ.

ಅತ್ತೆ ಇದನ್ನೆಲ್ಲ ಕೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ತಮ್ಮ ಗಂಡನ ಕತೆ ತೆಗೆದರು. ನನ್ನ ಮಾವ ದೋಣಿಯ ಮುಖ್ಯಸ್ಥರಾಗಿದ್ದವರು. ಮುನಿಸು ಬಂದರೆ ವಾರಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ. ಅತ್ತೆ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಹರಿದ ಬಲೆಯನ್ನು ಅವರ ಕಣ್ಣಿಗೆ ಬೀಳುವಲ್ಲಿ ಹಾಸಿಕೊಂಡು ಕೂತು, ಬೇಕಂತಲೇ ಬಲೆಯ ಒಂದು ಕಣ್ಣು ದೊಡ್ಡದು ಒಂದು ಕಣ್ಣು ಸಣ್ಣದು ಮಾಡಿ ಹೆಣೆದರು. ಮಾವ ನೋಡುವಷ್ಟು ನೋಡಿದರು. ತಡೆಯಲಾರದೆ ಎದ್ದು ಬಂದು ಬಲೆ ಕಸಿದುಕೊಂಡು ಬೈಯತೊಡಗಿದರು. ಅಲ್ಲಿಗೆ ಮಾತು ಬಂತು.

"ಸರಿಯಾಗಿ ಬರೆದ್ರೆ ಯಾರು ಉತ್ರ ಕೊಡ್ತಾರೆ?" ಎಂದರು ಅತ್ತೆ. "ಅವ್ರ ಕೆಲ್ಸದ್ದೇ ಎಂತಾದ್ರೂ ತಪ್ಪು ಬರಿ, ತಮಾ. ಸಿಟ್ಟು ಬರುವಂಥಾದ್ದು."

ಆ ಭಾನುವಾರ ಈರಣ್ಣ ಬರೆದದ್ದು ನನಗೆ ಈಗಲೂ ಬಾಯಿಪಾಠ. 'ಅಪ್ಪಾ, ಇಲ್ಲೆ ಒಂದ ಸ್ಟೇಶನ್ ಗುಡ್ಡದ ಇಳಿಜಾರಿನ್ಯಾಗ ಮಾಡಬೇಕಂತ ವಿಚಾರ ಮಾಡೇನಿ. ಕೆಳಗ ಹೊಳಿ ಐತಿ, ಗಾಳಿ ಚಲೋ ಬರತೈತಿ. ಪ್ಯಾಸೆಂಜರ್ ಮಂದಿಗೆ ತಂಪ ಆಕ್ಕೈತಿ.' ಬರೆಯುವಾಗ ಅವನಿಗೇ ನಾಚಿಕೆಯಾಗಿ ಕಿವಿ ಕೆಂಪಾಯಿತು. ಇಳಿಜಾರಿನಲ್ಲಿ ಸ್ಟೇಶನ್ ಮಾಡಬಾರದು ಎಂಬುದು ಕಾಲೇಜು ಮುಗಿಸಿದ ಯಾವ ಇಂಜಿನಿಯರಿಗೂ ಗೊತ್ತಂತೆ.

ಮುಂದಿನ ವಾರ ಕಾರ್ಡು ಬಂತು. ತಂಗಿಯ ದುಂಡು ಅಕ್ಷರವಲ್ಲ, ಕಾರ್ಡು ಹರಿಯುವ ಹಾಗೆ ಒತ್ತಿ ಬರೆದ ದಪ್ಪ ಅಕ್ಷರ. ಸಂಬೋಧನೆ ಇಲ್ಲ, ಆಶೀರ್ವಾದ ಇಲ್ಲ. 'ಮಂಗ್ಯಾನ ಮಗನ, ನಿಂತ ಡಬ್ಬಿ ತಾವಾಗೇ ಉರುಳಿ ಹೊಳಿಗೆ ಬೀಳತಾವು. ನಿನಗ ಡಿಗ್ರಿ ಕೊಟ್ಟಾವ ಯಾರು?' ಈರಣ್ಣ ಅದನ್ನು ಅಂಗಳದಲ್ಲಿ ನಿಂತೇ ಓದಿದ. ಮತ್ತೆ ಓದಿದ. ಇಷ್ಟು ಬೈಸಿಕೊಂಡು ಇಷ್ಟು ಖುಷಿಪಟ್ಟವರನ್ನು ನಾನು ಆಮೇಲೆ ಕಂಡಿಲ್ಲ. ಅತ್ತೆ ಅವತ್ತು ಪಾಯಸ ಮಾಡಿದರು.

ಅಲ್ಲಿಂದ ವಾರ ವಾರ ತಪ್ಪು ಹುಡುಕುವುದೇ ನಮ್ಮ ಮನೆಗೆ ಕೆಲಸವಾಯಿತು. ತಿರುವಿನಲ್ಲಿ ಸಿಗ್ನಲ್ ನೆಡುತ್ತೇನೆ ಎಂದು ಒಂದು ವಾರ, ಸೇತುವೆಯ ಬಾಯಲ್ಲೇ ದಾರಿ ತಿರುಗಿಸುತ್ತೇನೆ ಎಂದು ಇನ್ನೊಂದು ವಾರ. ಎಲ್ಲದಕ್ಕೂ ಕಾರ್ಡು ಬರುತ್ತಿತ್ತು, ಒಂದಕ್ಕಿಂತ ಒಂದು ಉದ್ದದ ಬೈಗುಳ. ನಾನೇ ಒಂದು ತಪ್ಪು ಹೇಳಿಕೊಟ್ಟೆ, ಅದನ್ನು ಮಾತ್ರ ಈರಣ್ಣ ಬರೆಯಲಿಲ್ಲ. ಇಷ್ಟು ದಡ್ಡ ಅಂತ ಅಪ್ಪ ನಂಬಂಗಿಲ್ಲ ಎಂದ.

ಆದರೆ ಅಪ್ಪ ನಂಬಿಬಿಟ್ಟಿದ್ದರು. ಒಂದು ಮಧ್ಯಾಹ್ನ ನಮ್ಮ ಅಂಗಳದಲ್ಲಿ ಎತ್ತರದ ಮುದುಕರೊಬ್ಬರು ಬಂದು ನಿಂತರು. ಬಿಳಿ ಧೋತರ, ಕೈಯಲ್ಲಿ ರೈಲ್ವೆಯವರ ಹಳೆಯ ತಗಡಿನ ಪೆಟ್ಟಿಗೆ. ಜೀವಮಾನವಿಡೀ ರೈಲು ಓಡಿಸಿದ ಮನುಷ್ಯ ಘಟ್ಟ ಇಳಿಯುವ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹಣ್ಣಾಗಿಹೋಗಿದ್ದರು. ಈರಣ್ಣ ಇರಲಿಲ್ಲ, ಗುಡ್ಡಕ್ಕೆ ಹೋಗಿದ್ದ. ನೀರು ಕೊಟ್ಟೆ. ಕುಡಿದು, ಮಗನನ್ನು ಕೇಳಲಿಲ್ಲ, ಅವನ ಸಾಹೇಬರ ಆಫೀಸು ಎಲ್ಲಿ ಎಂದು ಕೇಳಿದರು.

"ಹುಡುಗಗ ಇನ್ನೂ ತಿಳುವಳಿಕಿ ಇಲ್ರೀ," ಎಂದರು. "ಕೈಮುಗದು ಹೇಳತೀನಿ ಸಾಹೇಬರಿಗೆ. ನೌಕರಿ ತಗೀಬ್ಯಾಡ್ರಿ, ಲೈನ್ ನಾ ನಿಂತು ತಿದ್ದಿಸಿಕೊಡತೀನಿ ಅಂತ."

ಈ ಮಗನಿಗಾಗಿ ಒಮ್ಮೆ ಕೈಮುಗಿದು ಅವಮಾನವಾಗಿತ್ತೆಂದೇ ವರ್ಷವಿಡೀ ಮಾತು ಬಿಟ್ಟವರು, ಅದೇ ಮಗನಿಗಾಗಿ ಮತ್ತೆ ಕೈಮುಗಿಯಲು ಇಷ್ಟು ದೂರ ಬಂದಿದ್ದರು. ನಾವು ಮೂವರೂ ಸೇರಿ ಆಡಿದ ಆಟಕ್ಕೆ ನನಗೆ ಮೊದಲ ಸಲ ಭಯವಾಯಿತು. ಅತ್ತೆ ಮಾತ್ರ ಅಂಜದೆ ಎದುರಿಗೆ ಕೂತು, ತಪ್ಪು ಬರೆಸಿದ್ದು ತಾನು, ಹುಡುಗ ಸರಿಯಾಗಿಯೇ ಕೆಲಸ ಮಾಡುತ್ತಾನೆ ಎಂದು ಬಲೆಯ ಕತೆಯ ಸಮೇತ ಹೇಳಿಬಿಟ್ಟರು. ಮುದುಕರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮಗನ ದಾರಿ ಕಾಯುತ್ತ ಕೂತರು.

ಸಂಜೆ ಈರಣ್ಣ ಬಂದು ಅಪ್ಪನನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟ. ಅವರು ಬೇರೇನೂ ಹೇಳಲಿಲ್ಲ, ನಾಳೆ ಲೈನ್ ತೋರಿಸು ಎಂದರು ಅಷ್ಟೆ. ಮರುದಿನ ಇಬ್ಬರೂ ಗೂಟ ಹೊಡೆದ ದಾರಿಗುಂಟ ಶರಾವತಿ ದಂಡೆಯವರೆಗೆ ನಡೆದರು. ಹಳಿ ಇಲ್ಲದ ಆ ಗುಡ್ಡದಲ್ಲಿ ಮುದುಕರು ತಿರುವು ಬಂದಲ್ಲೆಲ್ಲ ನಿಂತು, ಇಲ್ಲಿ ಡ್ರೈವರ್ ಸೀಟಿ ಹೊಡೆಯಬೇಕು, ಇಲ್ಲಿ ಬ್ರೇಕ್ ಹಿಡಿಯಬೇಕು ಎಂದು ಮಗನಿಗೆ ಹೇಳುತ್ತ ಹೋದರಂತೆ. ವಾಪಸು ಬಂದು ಜಗಲಿಯ ಮೇಲೆ ಕೂತು, ಮಗನ ಕಡೆ ನೋಡದೆ, ನಮಗೆ ಹೇಳಿದರು: "ಲೈನ್ ಚಲೋ ತಗದಾನ." ಈರಣ್ಣ ಮುಖ ತೊಳೆಯುತ್ತೇನೆಂದು ಬಾವಿಕಟ್ಟೆಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಆಮೇಲೆ ತಪ್ಪು ಬರೆಯುವ ಅಗತ್ಯ ಬೀಳಲಿಲ್ಲ. ಸರಿಯಾಗಿ ಬರೆದ ಪತ್ರಕ್ಕೂ ಕಾರ್ಡು ಬರತೊಡಗಿತು. ಮಳೆಗಾಲ ಹಿಡಿಯುವ ಮೊದಲು ಸರ್ವೆಯವರು ಗಂಟುಮೂಟೆ ಕಟ್ಟಿದರು, ಈರಣ್ಣನಿಗೆ ದೂರದ ಯಾವುದೋ ರಾಜ್ಯಕ್ಕೆ ವರ್ಗವಾಯಿತು. ಜೀಪಿನಿಂದ ಕೈಬೀಸಿ ಹೋದವನನ್ನು ನಾವು ಮತ್ತೆ ನೋಡಲಿಲ್ಲ. ಆ ಬೇಸಿಗೆಯ ನಂತರದ ಭಾನುವಾರಗಳು ನನಗೆ ಬಹಳ ದಿನ ಕಿವುಡು ಕಿವುಡಾಗಿದ್ದವು.

ವರ್ಷವೆರಡು ಕಳೆದ ಮೇಲೆ ಅವನ ಪತ್ರ ಬಂತು. ಅಪ್ಪ ಹೋದರು ಎಂದು ಬರೆದಿದ್ದ. ಹೊಸ ಲೈನಿನ ಕೆಲಸ ನಡೆದಿದೆ, ಭಾನುವಾರ ಪತ್ರ ಹಾಸಿಕೊಂಡು ಕೂರುತ್ತೇನೆ, ಅವ್ವನಿಗೆ ಲೈನಿನ ಮಾತು ತಿಳಿಯುವುದಿಲ್ಲ, ಇನ್ನು ಅದನ್ನೆಲ್ಲ ಯಾರಿಗೆ ಬರೆಯಲಿ ಅವ್ವಾರ ಎಂದು ಕೇಳಿದ್ದ. ನಾನು ಗಟ್ಟಿಯಾಗಿ ಓದಲು ಹೋಗಿ ನಡುವೆ ನಿಲ್ಲಿಸಬೇಕಾಯಿತು. ಅತ್ತೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದು, ಉತ್ತರ ಬರಿ ಎಂದರು.

"ನಮ್ಗೆ ಬರಿ ಅನ್ನು," ಎಂದರು. "ನಮ್ಗೂ ಎಂತದೂ ತಿಳೂದಿಲ್ಲ. ಆದ್ರೂ ಬರಿ ಅನ್ನು."

ನಾನು ಹಾಗೆಯೇ ಬರೆದೆ.